‘ಕಾಲಾ ಪತ್ಥರ್’: ಸಿನಿಮಾದಲ್ಲಿ ಖಳನಾಯಕ ಸಿಕ್ಕ, ಚಾಸ್ನಾಲಾದಲ್ಲಿ?

ಟಿವಿಯಲ್ಲಿ ಹಳೆಯ ಹಿಂದಿ ಸಿನಿಮಾ ಬಂದಾಗ ‘ಕಾಲಾ ಪತ್ಥರ್’ ನೋಡಿದವರು ನಮ್ಮಲ್ಲಿ ಅನೇಕರಿದ್ದೇವೆ. ಮೈಯೆಲ್ಲ ಮಸಿ ಮೆತ್ತಿಕೊಂಡ ಅಮಿತಾಭ್ ಬಚ್ಚನ್, ಕೊನೆಗೆ ಗಣಿಗೆ ನುಗ್ಗುವ ನೀರು, ಕಾರ್ಮಿಕರ ಚೀರಾಟ. ಅದೆಲ್ಲ ಬರೀ ಕಥೆ ಅಂದುಕೊಂಡಿದ್ದೆವು. ಆದರೆ ಆ ನೀರು ನಿಜವಾಗಿಯೂ ನುಗ್ಗಿತ್ತು.

ಅದು 1975ರ ಡಿಸೆಂಬರ್ 27, ಮಧ್ಯಾಹ್ನ. ಧನ್‌ಬಾದ್ ಬಳಿಯ ಚಾಸ್ನಾಲಾ ಕಲ್ಲಿದ್ದಲು ಗಣಿ. ಆಗ ಬಿಹಾರದಲ್ಲಿದ್ದ ಈ ಊರು ಈಗ ಜಾರ್ಖಂಡ್‌ನಲ್ಲಿದೆ. ಕೆಲಸ ನಡೆಯುತ್ತಿದ್ದ ಜಾಗದ ಮೇಲ್ಭಾಗದಲ್ಲಿ ಕೈಬಿಟ್ಟ ಹಳೆಯ ಗಣಿಯಿತ್ತು, ಅದರ ತುಂಬ ನೀರು ನಿಂತಿತ್ತು. ಎರಡರ ನಡುವಿನ ಕಲ್ಲಿದ್ದಲಿನ ತಡೆ ಒಡೆಯಿತು. ಕೆರೆ ಏರಿ ಒಡೆದರೆ ಓಡಲು ಬಯಲಾದರೂ ಇರುತ್ತದೆ, ಸುರಂಗದಲ್ಲಿದ್ದವರಿಗೆ ಅದೂ ಇರಲಿಲ್ಲ. ಸರ್ಕಾರಿ ಲೆಕ್ಕದಲ್ಲೇ 375 ಜನ ಸತ್ತರು. ನೀರು ಹೊರಹಾಕಿ ಶವ ಹುಡುಕಲು ವಾರಗಳೇ ಹಿಡಿದವು.

ಈ ದುರಂತವೇ ‘ಕಾಲಾ ಪತ್ಥರ್’ಗೆ ಮೂಲ. 1979ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಚಿತ್ರದ ನಿರ್ದೇಶಕ ಯಶ್ ಚೋಪ್ರಾ, ಬರೆದವರು ಸಲೀಂ-ಜಾವೇದ್. ‘ದೀವಾರ್’, ‘ತ್ರಿಶೂಲ್’ ಮಾಡಿದ್ದೂ ಇದೇ ತಂಡ. ಅಮಿತಾಭ್ ಮಾಡಿದ ವಿಜಯ್, ಆಪತ್ತಿನಲ್ಲಿ ಪ್ರಯಾಣಿಕರನ್ನು ಬಿಟ್ಟು ಹಡಗಿನಿಂದ ಓಡಿದ ಕಳಂಕ ಹೊತ್ತ ಕ್ಯಾಪ್ಟನ್. ಆ ಪಾತ್ರದ ಮೇಲೆ ಜೋಸೆಫ್ ಕಾನ್ರಾಡ್ ಬರೆದ ‘ಲಾರ್ಡ್ ಜಿಮ್’ ಕಾದಂಬರಿಯ ನೆರಳಿದೆ. ಎಂಜಿನಿಯರ್ ರವಿಯಾಗಿ ಶಶಿ ಕಪೂರ್, ಜೈಲಿನಿಂದ ತಪ್ಪಿಸಿಕೊಂಡು ಬಂದ ಮಂಗಲ್ ಆಗಿ ಶತ್ರುಘ್ನ ಸಿನ್ಹಾ. ಅಮಿತಾಭ್‌ಗೆ ಈ ಲೋಕ ತೀರಾ ಹೊಸದೇನಲ್ಲ. ಸಿನಿಮಾಕ್ಕೆ ಬರುವ ಮೊದಲು ಅವರು ಕೋಲ್ಕತ್ತಾದ ಕಂಪನಿಯೊಂದರ ಕಲ್ಲಿದ್ದಲು ವಿಭಾಗದಲ್ಲಿ ದುಡಿದಿದ್ದರು.

ಚಿತ್ರದಲ್ಲಿ ತಪ್ಪು ಯಾರದೆಂದು ಮಕ್ಕಳಿಗೂ ಗೊತ್ತಾಗುತ್ತದೆ. ಇನ್ನು ಮುಂದೆ ಅಗೆದರೆ ನೀರು ಬರುತ್ತದೆ ಎಂದು ಎಂಜಿನಿಯರ್ ಎಚ್ಚರಿಸುತ್ತಾನೆ. ಪ್ರೇಮ್ ಚೋಪ್ರಾ ಮಾಡಿದ ಮಾಲೀಕ ಸೇಠ್ ಧನರಾಜ್ ಲಾಭದ ಆಸೆಗೆ ಕಿವಿಗೊಡುವುದಿಲ್ಲ.

ಚಾಸ್ನಾಲಾದಲ್ಲಿ ಅಂಥ ಸೇಠ್ ಇರಲೇ ಇಲ್ಲ. ಆ ಗಣಿ ಇಂಡಿಯನ್ ಐರನ್ ಅಂಡ್ ಸ್ಟೀಲ್ ಕಂಪನಿಯದು. 1972ರಲ್ಲೇ ಸರ್ಕಾರ ಅದರ ಆಡಳಿತವನ್ನು ಕೈಗೆ ತೆಗೆದುಕೊಂಡಿತ್ತು. 1973ರ ಹೊತ್ತಿಗೆ ದೇಶದ ಬಹುಪಾಲು ಕಲ್ಲಿದ್ದಲು ಗಣಿಗಳು ರಾಷ್ಟ್ರೀಕರಣವಾಗಿದ್ದವು. ಖಾಸಗಿ ಮಾಲೀಕರು ಹೋದರೆ ಕಾರ್ಮಿಕರ ಜೀವಕ್ಕೆ ಭದ್ರತೆ ಸಿಗುತ್ತದೆ ಎಂಬುದು ಅದರ ಹಿಂದಿದ್ದ ಒಂದು ಆಸೆ. ದುರಂತ ನಡೆದದ್ದು ತುರ್ತು ಪರಿಸ್ಥಿತಿಯ ಕಾಲದಲ್ಲಿ, ಪತ್ರಿಕೆಗಳ ಮೇಲೆ ಸೆನ್ಸಾರ್ ಇದ್ದಾಗ. ಸಿನಿಮಾ ಮಾತ್ರ ಸರ್ಕಾರದ ಜಾಗದಲ್ಲಿ ಸೇಠ್‌ನನ್ನು ತಂದು ನಿಲ್ಲಿಸಿತು.

ನ್ಯಾಯಕ್ಕೆ ಹಿಡಿದ ಕಾಲ ನೋಡಿ. ಸಿನಿಮಾ ನಾಲ್ಕು ವರ್ಷದೊಳಗೆ ತೆರೆಗೆ ಬಂತು. ಧನ್‌ಬಾದ್ ನ್ಯಾಯಾಲಯ ಇಬ್ಬರು ಅಧಿಕಾರಿಗಳನ್ನು ತಪ್ಪಿತಸ್ಥರೆಂದು ಹೇಳಿದ್ದು 2012ರಲ್ಲಿ. ಶಿಕ್ಷೆ ಒಂದು ವರ್ಷ ಜೈಲು.

ಹಾಗೆಂದು ಸಿನಿಮಾವನ್ನು ತಳ್ಳಿಹಾಕುವಂತಿಲ್ಲ. ಬಿಡುಗಡೆಯಾದಾಗ ‘ದೀವಾರ್’ನಷ್ಟು ದೊಡ್ಡ ಗೆಲುವು ಸಿಗದಿದ್ದರೂ, ಗಣಿಯ ಕತ್ತಲೆಯನ್ನು ಊರೂರಿನ ಟಾಕೀಸಿಗೆ ತಂದದ್ದು ಅದೇ. 2023ರಲ್ಲಿ ಬಂದ ‘ಮಿಷನ್ ರಾಣಿಗಂಜ್’ ಕೂಡ ಗಣಿಗೆ ನೀರು ನುಗ್ಗಿದ ಕಥೆಯೇ. 1989ರಲ್ಲಿ ಪಶ್ಚಿಮ ಬಂಗಾಳದಲ್ಲಿ ಎಂಜಿನಿಯರ್ ಜಸ್ವಂತ್ ಸಿಂಗ್ ಗಿಲ್, ಕೊರೆದ ರಂಧ್ರದೊಳಗೆ ಉಕ್ಕಿನ ಕ್ಯಾಪ್ಸೂಲ್ ಇಳಿಸಿ 65 ಜನರನ್ನು ಜೀವಂತ ಮೇಲೆತ್ತಿಸಿದ್ದರು.

ಆದರೆ 2018ರ ಡಿಸೆಂಬರ್‌ನಲ್ಲಿ ಮೇಘಾಲಯದ ಅಕ್ರಮ ಗಣಿಯೊಂದಕ್ಕೆ ನೀರು ನುಗ್ಗಿ ಕನಿಷ್ಠ 15 ಜನ ಒಳಗೇ ಉಳಿದರು. ಮಾಲೀಕ ಸೇಠ್ ಆಗಿರಲಿ, ಸರ್ಕಾರವಾಗಿರಲಿ, ಕೆಳಗಿಳಿಯುವವನ ಪ್ರಶ್ನೆ ಒಂದೇ: ಗೋಡೆಯ ಆಚೆ ಎಷ್ಟು ನೀರಿದೆ ಎಂದು ಯಾರಾದರೂ ಅಳೆದಿದ್ದಾರಾ?