ಬಾಳೆವಾಡಿಯ ಎರಡು ಫೈನಲ್‌ಗಳು: ರೋಹನ್ ಬೋಪಣ್ಣ ಅವರ ತಡವಾದ ಏರಿಕೆಯ ಬಗ್ಗೆ ಒಂದು ಟಿಪ್ಪಣಿ

ಟೆನಿಸ್ ಆಟಗಾರ ರೋಹನ್ ಬೋಪಣ್ಣ ಅವರ ಕಥೆ ಹೇಳುವವರು ಸಾಮಾನ್ಯವಾಗಿ ಕೊಡಗಿನ ಕಾಫಿತೋಟದಿಂದ ಹೊರಟು ಬೆಂಗಳೂರಿಗೆ ಬರುತ್ತಾರೆ, ಅಲ್ಲಿಂದ ನೇರ ಮೆಲ್ಬರ್ನ್‌ಗೆ ಹಾರುತ್ತಾರೆ. 2024ರ ಜನವರಿ 27ರಂದು ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಪ್ರಶಸ್ತಿ, ಎರಡು ದಿನ ಕಳೆದು 43ನೇ ವಯಸ್ಸಿನಲ್ಲಿ ವಿಶ್ವದ ಅಗ್ರ ಡಬಲ್ಸ್ ರ‍್ಯಾಂಕಿಂಗ್, 2025ರ ನವೆಂಬರ್ 1ರಂದು ನಿವೃತ್ತಿ. ಈ ದಾರಿಯಲ್ಲಿ ಪುಣೆ ಎದುರಾಗುವುದೇ ಇಲ್ಲ. ಹದಿಹರೆಯದಲ್ಲಿ ಅಲ್ಲಿ ತರಬೇತುದಾರ ನಂದನ್ ಬಾಳ್ ಅವರ ಬಳಿ ಪಳಗಿದರು ಎಂಬ ಒಂದು ಸಾಲು ಬಂದರೆ ಅದೇ ಹೆಚ್ಚು. ಆದರೆ ನಲವತ್ತರ ಆಸುಪಾಸಿನ ಬೋಪಣ್ಣ ಅವರನ್ನು ಅರ್ಥ ಮಾಡಿಕೊಳ್ಳಲು ಮೆಲ್ಬರ್ನ್‌ಗಿಂತ ಪುಣೆಯ ಬಾಳೆವಾಡಿಯ ಅಂಕಪಟ್ಟಿಗಳು ಹೆಚ್ಚು ನೆರವಾಗುತ್ತವೆ ಎಂಬುದು ನನ್ನ ಅಭಿಪ್ರಾಯ.

ಬಾಳೆವಾಡಿಯ ಶ್ರೀ ಶಿವಛತ್ರಪತಿ ಕ್ರೀಡಾ ಸಂಕೀರ್ಣ 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ತಲೆಯೆತ್ತಿದ್ದು. ಭಾರತದಲ್ಲಿ ಆಗ ಉಳಿದಿದ್ದ ಏಕೈಕ ಎಟಿಪಿ ಟೂರ್ (ಪುರುಷರ ವೃತ್ತಿಪರ ಟೆನಿಸ್ ಸರಣಿ) ಟೂರ್ನಿ ಎರಡು ದಶಕ ಚೆನ್ನೈಯಲ್ಲಿದ್ದು, 2018ರಲ್ಲಿ ಮಹಾರಾಷ್ಟ್ರ ಓಪನ್ ಎಂಬ ಹೆಸರಿನಲ್ಲಿ ಇಲ್ಲಿಗೆ ಬಂತು. ಬೋಪಣ್ಣ ಇಲ್ಲಿ ಎರಡು ಸಲ ಪ್ರಶಸ್ತಿ ಗೆದ್ದರು. 2019ರಲ್ಲಿ ದಿವಿಜ್ ಶರಣ್ ಜೊತೆ, 2022ರಲ್ಲಿ ರಾಮ್‌ಕುಮಾರ್ ರಾಮನಾಥನ್ ಜೊತೆ. ಟೂರ್ನಿ ಚೆನ್ನೈಯಲ್ಲಿ ನಡೆದ ಕೊನೆಯ ವರ್ಷ, 2017ರಲ್ಲಿ, ಜೀವನ್ ನೆಡುಂಚೆಳಿಯನ್ ಜೊತೆ ಗೆದ್ದದ್ದನ್ನೂ ಸೇರಿಸಿದರೆ ಒಂದೇ ಟೂರ್ನಿಯಿಂದ ಮೂರು ಪ್ರಶಸ್ತಿ; ಮೂರರಲ್ಲೂ ಜೊತೆಗಾರ ಭಾರತೀಯ, ಮೂರರಲ್ಲೂ ಬೇರೆ ಬೇರೆ ಭಾರತೀಯ. ಗ್ರ್ಯಾಂಡ್‌ಸ್ಲಾಮ್‌ಗಳಲ್ಲಿ ಅವರಿಗೆ ಹೆಸರು ತಂದ ಜೋಡಿಗಳು ಹೆಚ್ಚಾಗಿ ವಿದೇಶಿಯರ ಜೊತೆಗಿನವು: 2010ರ ಅಮೆರಿಕ ಓಪನ್ ಫೈನಲ್‌ಗೆ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ, 2017ರ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್‌ಗೆ ಕೆನಡಾದ ಗ್ಯಾಬ್ರಿಯೆಲಾ ಡಬ್ರೋವ್‌ಸ್ಕಿ, ಮೆಲ್ಬರ್ನ್‌ಗೆ ಆಸ್ಟ್ರೇಲಿಯದ ಮ್ಯಾಥ್ಯೂ ಎಬ್ಡೆನ್. ತವರಿನ ವಾರದಲ್ಲಿ ಭಾರತೀಯರು ಒಬ್ಬರಿಗೊಬ್ಬರು ಸುಲಭವಾಗಿ ಸಿಗುತ್ತಿದ್ದರು. ಉಳಿದ ವಾರಗಳಲ್ಲಿ ಇಬ್ಬರ ರ‍್ಯಾಂಕಿಂಗ್ ಕೂಡಿಸಿ ಡ್ರಾದಲ್ಲಿ ಜಾಗ ಸಿಗುತ್ತದೋ ಇಲ್ಲವೋ ಎಂಬ ಲೆಕ್ಕದ ಮೇಲೆ ಜೋಡಿಗಳು ಕೂಡುತ್ತವೆ, ಮುರಿಯುತ್ತವೆ.

ಇನ್ನು 2019ರ ಜನವರಿಯ ಆ ವಾರದ ವಿಷಯ. ಸಿಂಗಲ್ಸ್ ಫೈನಲ್‌ನಲ್ಲಿ ಕ್ರೊವೇಷಿಯಾದ ಇವೊ ಕಾರ್ಲೊವಿಚ್ ಆಡಿದರು. ಆಗ ಅವರಿಗೆ 39; ಬೋಪಣ್ಣ ಅವರಿಗಿಂತ ಒಂದೇ ವರ್ಷ ದೊಡ್ಡವರು. 1977ರಲ್ಲಿ ಕೆನ್ ರೋಸ್‌ವಾಲ್ ಆಡಿದ ಮೇಲೆ ಅಷ್ಟು ವಯಸ್ಸಾದವರು ಯಾರೂ ಟೂರ್ ಫೈನಲ್ ಮುಟ್ಟಿರಲಿಲ್ಲ. ಕೆವಿನ್ ಆಂಡರ್ಸನ್ ಎದುರು ಅವರು 6-7, 7-6, 6-7ರಿಂದ ಸೋತರು. ಟೈಬ್ರೇಕ್‌ಗಳನ್ನು ಬದಿಗಿಟ್ಟರೆ ಒಟ್ಟು 36 ಸರ್ವಿಸ್ ಗೇಮ್‌ಗಳು, ಕಾರ್ಲೊವಿಚ್ ಪಾಲಿಗೆ 18. ಅದೇ ವಾರ, ಅದೇ ಅಂಗಣದಲ್ಲಿ ಬೋಪಣ್ಣ–ಶರಣ್ ಬ್ರಿಟನ್ನಿನ ಲ್ಯೂಕ್ ಬ್ಯಾಂಬ್ರಿಜ್ ಮತ್ತು ಜಾನಿ ಒಮಾರಾ ಅವರನ್ನು 6-3, 6-4ರಿಂದ ಮಣಿಸಿದರು. ಒಟ್ಟು 19 ಗೇಮ್, ಸರ್ವ್ ಮಾಡುವವರು ನಾಲ್ವರು. ಅಂದರೆ ಬೋಪಣ್ಣ ಅವರ ಭುಜಕ್ಕೂ ಮಂಡಿಗೂ ಬಿದ್ದದ್ದು ನಾಲ್ಕೋ ಐದೋ ಸರ್ವಿಸ್ ಗೇಮ್.

2022ರ ಫೆಬ್ರುವರಿ 6ರ ಫೈನಲ್ ಇದಕ್ಕಿಂತ ಬಿಗಿಯಾಗಿತ್ತು. ಆಸ್ಟ್ರೇಲಿಯದ ಲ್ಯೂಕ್ ಸ್ಯಾವಿಲ್–ಜಾನ್ ಪ್ಯಾಟ್ರಿಕ್ ಸ್ಮಿತ್ ಮೊದಲ ಸೆಟ್ಟನ್ನು ಟೈಬ್ರೇಕ್‌ನಲ್ಲಿ 12-10ರಿಂದ ಕಿತ್ತುಕೊಂಡರು. ಎರಡನೆಯದು 6-3ರಿಂದ ಭಾರತೀಯರ ಕೈಗೆ ಬಂತು. ಮೂರನೇ ಸೆಟ್ ಇಲ್ಲವೇ ಇಲ್ಲ. ಹತ್ತು ಪಾಯಿಂಟಿನ ಸೂಪರ್ ಟೈಬ್ರೇಕ್, ಅದು 10-6. ಎಟಿಪಿ ಟೂರ್ 2006ರಲ್ಲಿ ಡಬಲ್ಸ್‌ಗೆ ಈ ಪದ್ಧತಿ ತಂದಿತು. ಇದೇ ಪದ್ಧತಿಯಲ್ಲಿ 40-40 ಆದರೆ ಮುಂದಿನ ಒಂದೇ ಪಾಯಿಂಟ್ ಗೇಮನ್ನು ತೀರ್ಮಾನಿಸುತ್ತದೆ, ಡ್ಯೂಸ್‌ನ ಎಳೆದಾಟವಿಲ್ಲ. ಟೆಲಿವಿಷನ್‌ನವರ ಅನುಕೂಲಕ್ಕೆ ಪಂದ್ಯ ಮೊಟಕಾಯಿತು ಎಂದು ಹಳಬರು ಗೊಣಗಿದ್ದುಂಟು. ನನಗೂ ಆ ಪದ್ಧತಿ ಅಷ್ಟೇನೂ ಹಿಡಿಸುವುದಿಲ್ಲ. ಆದರೆ ಎತ್ತರದ ಆಳು, ಹೊಡೆದರೆ ತಿರುಗಿ ಬಾರದಂಥ ಸರ್ವ್, ಓಡಾಟಕ್ಕೆ ಒಗ್ಗದ ಮಂಡಿ ಇರುವವನಿಗೆ ಇದಕ್ಕಿಂತ ಒಪ್ಪುವ ಪದ್ಧತಿ ಇನ್ನೊಂದಿಲ್ಲ. ಈ ಪದ್ಧತಿ ಇಲ್ಲದ ಮೆಲ್ಬರ್ನ್‌ನಲ್ಲೂ ಫೈನಲ್‌ನ ಅಂಕ (7-6, 7-5) ಡಬಲ್ಸ್‌ನ ಹಗುರ ಹೊರೆಯನ್ನೇ ಹೇಳುತ್ತದೆ: 24 ಸರ್ವಿಸ್ ಗೇಮ್, ತಲೆಗೆ ಆರು.

ಲೆಕ್ಕವೊಂದೇ ಸಾಕಿದ್ದರೆ ಡಬಲ್ಸ್ ಆಡುವವರೆಲ್ಲ 43ರವರೆಗೆ ಆಡಬೇಕಿತ್ತು. ಆಡುವುದಿಲ್ಲ. ಬೋಪಣ್ಣ 2013ರಲ್ಲೇ ಡಬಲ್ಸ್‌ನಲ್ಲಿ ವಿಶ್ವದ ಮೂರನೇ ಸ್ಥಾನ ಮುಟ್ಟಿದ್ದರು. ಅಲ್ಲಿಂದ ಮೊದಲನೆಯದಕ್ಕೆ ಹತ್ತು ವರ್ಷಕ್ಕೂ ಮಿಕ್ಕಿ ಹಿಡಿಯಿತು. ನಡುವೆ 2021ರ ಮೊದಲ ತಿಂಗಳುಗಳಲ್ಲಿ ಒಂದೂ ಪಂದ್ಯ ಗೆಲ್ಲದೆ, ಆಟ ಬಿಟ್ಟುಬಿಡುವ ಯೋಚನೆ ಮಾಡಿದ್ದಾಗಿ ಅವರೇ ಹೇಳಿಕೊಂಡಿದ್ದಾರೆ. ಎರಡೂ ಮಂಡಿಗಳಲ್ಲಿ ಮೃದ್ವಸ್ಥಿ ಸವೆದುಹೋಗಿತ್ತು. ಕೋವಿಡ್ ಕಾಲದಲ್ಲಿ ಹಿಡಿದ ಅಯ್ಯಂಗಾರ್ ಯೋಗದಿಂದ ನೋವು ತಗ್ಗಿತು ಎಂಬುದೂ ಅವರದೇ ಮಾತು.

ಇಲ್ಲಿ ಪುಣೆ ಇನ್ನೊಂದು ಬಾಗಿಲಿನಿಂದ ಒಳಗೆ ಬರುತ್ತದೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ, ಮೈಸೂರಿನಲ್ಲಿ ಕೃಷ್ಣಮಾಚಾರ್ಯರಿಂದ ಕಲಿತ ಬಿ.ಕೆ.ಎಸ್. ಅಯ್ಯಂಗಾರ್ 1937ರಲ್ಲಿ ಪುಣೆಗೆ ಹೋದದ್ದು ಡೆಕ್ಕನ್ ಜಿಮ್ಖಾನಾದಲ್ಲಿ ಯೋಗ ಕಲಿಸಲು. ಟೆನಿಸ್ ಅಂಗಣಗಳಿಗೂ ಹೆಸರಾದ ಕ್ಲಬ್ಬದು. ಹೋದವರು ಅಲ್ಲೇ ನಿಂತು 1975ರಲ್ಲಿ ರಮಾಮಣಿ ಅಯ್ಯಂಗಾರ್ ಸ್ಮಾರಕ ಯೋಗ ಸಂಸ್ಥೆ ತೆರೆದರು. ಗೋಡೆಗೆ ಬಿಗಿದ ಹಗ್ಗ, ಕುರ್ಚಿ, ದುಂಡುದಿಂಬು, ಮರದ ಇಟ್ಟಿಗೆ: ಬಾಗದ ಮೈಯನ್ನೂ ಆಸರೆ ಕೊಟ್ಟು ಆಸನಕ್ಕೆ ತರುವ ಈ ಪದ್ಧತಿ ಬೆಳೆದದ್ದು ಪುಣೆಯಲ್ಲಿ. ಯೋಗದಿಂದಲೇ ಪ್ರಶಸ್ತಿ ಬಂತು ಎಂದು ಬರೆಯುವವರ ಸಾಲಿಗೆ ನಾನು ಸೇರುವುದಿಲ್ಲ. ಕಾಲಕ್ರಮವನ್ನಷ್ಟೇ ಗಮನಿಸಬಹುದು: 2022ರ ಜನವರಿಯಲ್ಲಿ ಅಡಿಲೇಡ್, ಫೆಬ್ರುವರಿಯಲ್ಲಿ ಪುಣೆ, ಎರಡೂ ರಾಮ್‌ಕುಮಾರ್ ಜೊತೆ, ವೃತ್ತಿಯ 20 ಮತ್ತು 21ನೇ ಪ್ರಶಸ್ತಿಗಳು. ಆಮೇಲೆ ಇನ್ನೂ ಐದು ಬಂದವು. ಎಬ್ಡೆನ್ ಜೊತೆಗಾರರಾದದ್ದು 2023ರಲ್ಲಿ, ಅಂದರೆ ಏರಿಕೆ ಶುರುವಾದ ಮೇಲೆ.

ಡೇವಿಸ್ ಕಪ್, ಒಲಿಂಪಿಕ್ಸ್ ಅಧ್ಯಾಯಗಳು ಈ ಟಿಪ್ಪಣಿಯ ವ್ಯಾಪ್ತಿಗೆ ಹೊರಗಿನವು. 2023ರ ಸೆಪ್ಟೆಂಬರ್ 30ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟವನ್ನು ಮಾತ್ರ ಬಿಡಲಾಗದು. ಮಿಶ್ರ ಡಬಲ್ಸ್ ಫೈನಲ್‌ನಲ್ಲಿ ಅವರ ಜೊತೆ ನಿಂತವರು ಪುಣೆಯ ಋತುಜಾ ಭೋಸಲೆ. ಮೊದಲ ಸೆಟ್ 2-6ರಿಂದ ಹೋಯಿತು, ಎರಡನೆಯದು 6-3, ಸೂಪರ್ ಟೈಬ್ರೇಕ್ 10-4, ಚಿನ್ನ. ಬಾಳೆವಾಡಿಯ 2022ರ ಫೈನಲ್‌ನ ಹಾದಿಯೇ ಇದರದ್ದೂ.

ಮಹಾರಾಷ್ಟ್ರ ಓಪನ್ 2023ರ ಕಂತಿನೊಂದಿಗೆ ಮುಗಿಯಿತು. ಕ್ಯಾಲೆಂಡರಿನ ಆ ಜಾಗ 2024ಕ್ಕೆ ಹಾಂಕಾಂಗ್‌ಗೆ ಹೋಯಿತು. ಬಾಳೆವಾಡಿಯಲ್ಲಿ ಈಗ ನಡೆಯುವುದು ಕೆಳಗಿನ ಮೆಟ್ಟಿಲಿನ ಚಾಲೆಂಜರ್ ಟೂರ್ನಿಗಳು. ಬೋಪಣ್ಣ ಅಗ್ರಸ್ಥಾನಕ್ಕೇರಿದ ತಿಂಗಳಲ್ಲಿ ಭಾರತದ ನೆಲದಲ್ಲಿ ಅವರು ಆಡಬಹುದಾದ ಎಟಿಪಿ ಟೂರ್ ಟೂರ್ನಿ ಒಂದೂ ಉಳಿದಿರಲಿಲ್ಲ.