ನೆಲಕ್ಕೆ ಒಗ್ಗಿದ ಕಾಲು

ಜೈಪುರದ ಸವಾಯಿ ಮಾನಸಿಂಗ್ ಆಸ್ಪತ್ರೆಯಲ್ಲಿ ಮೂಳೆ ಶಸ್ತ್ರವೈದ್ಯರಾಗಿದ್ದ ಡಾ. ಪ್ರಮೋದ ಕರಣ ಸೇಠಿಯವರನ್ನು ೧೯೬೦ರ ದಶಕದಲ್ಲಿ ಒಂದು ಸಂಗತಿ ಕಾಡುತ್ತಿತ್ತು. ಕೃತಕ ಕಾಲು ಪಡೆದು ಊರಿಗೆ ಹೋದವರಲ್ಲಿ ಹಲವರು ಅದನ್ನು ಮೂಲೆಗಿಟ್ಟು ಮತ್ತೆ ಊರುಗೋಲನ್ನೇ ಹಿಡಿಯುತ್ತಿದ್ದರು. ಇದು ಅವರ ಅಸಡ್ಡೆಯಲ್ಲ. ಆ ಕಾಲು ಬೂಟು ಧರಿಸಿ ಕುರ್ಚಿಯಲ್ಲಿ ಕುಳಿತುಕೊಳ್ಳುವವರಿಗಾಗಿ ಪಶ್ಚಿಮ ದೇಶಗಳಲ್ಲಿ ರೂಪುಗೊಂಡದ್ದು. ಅದರ ಕಣಕಾಲು ಬಾಗದು. ನಮ್ಮ ರೈತನಾದರೋ ಬರಿಗಾಲಿನಲ್ಲಿ ಕೆಸರಿಗೆ ಇಳಿಯುವವನು, ಕುಕ್ಕರುಗಾಲಿನಲ್ಲಿ ಕುಳಿತು ಕೆಲಸ ಮಾಡುವವನು, ಚಕ್ಕಳಮಕ್ಕಳ ಹಾಕಿ ಉಣ್ಣುವವನು, ಪಾದರಕ್ಷೆ ಕಳಚಿ ದೇವಾಲಯದ ಹೊಸ್ತಿಲು ದಾಟುವವನು.

ಈ ತೊಡಕನ್ನು ಬಿಡಿಸಲು ನೆರವಾದವರು ಕುಶಲಕರ್ಮಿ ರಾಮಚಂದ್ರ ಶರ್ಮರು. ನಾಲ್ಕನೆಯ ತರಗತಿಗೇ ಓದು ನಿಲ್ಲಿಸಿದ್ದ ಅವರನ್ನು ಎಲ್ಲರೂ ‘ಮಾಸ್ಟರ್‌ಜಿ’ ಎಂದೇ ಕರೆಯುತ್ತಿದ್ದರು. ಸೈಕಲ್ಲಿನ ಗಾಳಿ ಹೋಗಿ ಅಂಗಡಿಯೊಂದರ ಮುಂದೆ ನಿಂತಾಗ, ಸವೆದ ಲಾರಿ ಟೈರಿಗೆ ಹೊಸ ರಬ್ಬರು ಹೊದಿಸುವುದನ್ನು ಕಂಡು ಅವರಿಗೆ ಉಪಾಯ ಹೊಳೆಯಿತೆಂದು ಹೇಳುತ್ತಾರೆ. ೧೯೬೮ರ ಹೊತ್ತಿಗೆ ಪಾದ ಸಿದ್ಧವಾಯಿತು. ಹಿಮ್ಮಡಿಗೂ ಮುಂಗಾಲಿಗೂ ಮೆತ್ತನೆಯ ರಬ್ಬರು, ಕಣಕಾಲಿಗೆ ಹಗುರವಾದ ಮರ. ಇವೆಲ್ಲವನ್ನೂ ಟೈರಿನ ನೂಲು ಹಾಗೂ ಚರ್ಮದ ಬಣ್ಣದ ರಬ್ಬರಿನಿಂದ ಸುತ್ತಿ, ಅಚ್ಚಿನಲ್ಲಿಟ್ಟು ಬೇಯಿಸುವುದು. ಬೆರಳುಗಳ ಆಕಾರವೂ ಮೂಡಿರುವುದರಿಂದ ಬೂಟಿನ ಮರೆ ಬೇಕಿಲ್ಲ. ನೀರಿಗೆ ಅದು ಕೆಡದು. ಉಬ್ಬುತಗ್ಗಿನ ನೆಲದಲ್ಲಿ ಎಲ್ಲ ಕಡೆಗೂ ಬಾಗುತ್ತದೆ.

ಆದರೆ ಒಳ್ಳೆಯ ವಸ್ತು ಇದ್ದ ಮಾತ್ರಕ್ಕೆ ಬಡವನ ಮನೆ ಸೇರುವುದಿಲ್ಲವಷ್ಟೆ. ಮೊದಲ ಏಳು ವರ್ಷಗಳಲ್ಲಿ ಈ ಪಾದ ದೊರೆತದ್ದು ಬಹಳ ಕೆಲವರಿಗೆ. ೧೯೬೯ರಲ್ಲಿ ಅಪಘಾತಕ್ಕೀಡಾಗಿ ಕಾಲಿಗೆ ತೀವ್ರ ಪೆಟ್ಟು ತಿಂದಿದ್ದ ಐ.ಎ.ಎಸ್. ಅಧಿಕಾರಿ ಡಿ. ಆರ್. ಮೆಹತಾ ಅವರು, ವರ್ಧಮಾನ ಮಹಾವೀರರ ೨೫೦೦ನೆಯ ನಿರ್ವಾಣ ಮಹೋತ್ಸವದ ವರ್ಷವಾದ ೧೯೭೫ರಲ್ಲಿ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಯನ್ನು ಸ್ಥಾಪಿಸಿದರು. ಕಾಲು ಉಚಿತ, ದೂರದಿಂದ ಬಂದವರಿಗೆ ಊಟ, ವಸತಿಯೂ ಉಂಟು. ತೆವಳುತ್ತ ಬಂದವರು ಬಹುಬೇಗ ನಡೆದುಕೊಂಡು ಮರಳುವಂತಾಯಿತು. ಯುದ್ಧದಿಂದ ನಲುಗಿದ ಆಫ್ಘಾನಿಸ್ತಾನದ ಜನರಿಗೂ ಈ ಪಾದ ದೊರಕಿತು. ಆ ಮಹೋತ್ಸವದ ನೆನಪಿಗೆ ನಿಂತ ಕೆಲಸಗಳಲ್ಲಿ ಇದಕ್ಕಿಂತ ಸಾರ್ಥಕವಾದುದನ್ನು ಈ ಲೇಖಕನು ಅರಿಯನು.

ಸೇಠಿಯವರಿಗೆ ೧೯೮೧ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಮಾಸ್ಟರ್‌ಜಿಯ ಹೆಸರು ಅಷ್ಟು ದೂರ ತಲುಪಲಿಲ್ಲ. ಕೈಗೆ ಸಲ್ಲಬೇಕಾದ ಮನ್ನಣೆಯನ್ನು ನಮ್ಮ ಸಮಾಜ ತಡವಾಗಿಯೇ ಸಲ್ಲಿಸುತ್ತದೆ. ಅವರ ಅಚ್ಚಿನಿಂದ ಹೊರಬಂದ ಪಾದವೂ ಹೊಲಗದ್ದೆಗಳಲ್ಲಿ ತುಳಿದು ತುಳಿದು ಕೆಲವು ವರ್ಷಗಳಲ್ಲಿ ಸವೆಯುತ್ತದೆ. ಬೆಳೆಯುವ ಮಗುವಿಗಂತೂ ಮತ್ತೆ ಮತ್ತೆ ಹೊಸ ಅಳತೆ ತೆಗೆಯಬೇಕಾಗುತ್ತದೆ.