ಆಟದ ಕಣದಲ್ಲಿ ಪ್ರಹಾರಬಲದ ಸಮತೋಲ: ಮುಧೋಳದ ಗದೆಯಿಂದ ಮೇಜಿನ ದಾಳದವರೆಗೆ

ಕೃಷ್ಣಾ ಘಟಪ್ರಭಾ ನದಿಗಳ ನಡುವಣ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಜಾತ್ರೆಯ ಕುಸ್ತಿಯನ್ನು ಕಂಡವರಿಗೆ ಒಂದು ಸಂಗತಿ ತಿಳಿದೇ ಇರುತ್ತದೆ. ಕಣಕ್ಕಿಳಿಯುವ ಪೈಲವಾನರಿಗೆ ಜೋಡಿ ಗೊತ್ತುಮಾಡುವ ಹಿರಿಯರು ಕೇವಲ ಮೈಕಟ್ಟನ್ನು ನೋಡುವುದಿಲ್ಲ. ಒಬ್ಬನಲ್ಲಿ ತೋಳಬಲ ಹೆಚ್ಚು, ಇನ್ನೊಬ್ಬನಲ್ಲಿ ಪಟ್ಟುಗಳ ಅಭ್ಯಾಸ ಹೆಚ್ಚು ಎಂದಾದರೂ ಅವರಿಬ್ಬರನ್ನು ಜೋಡಿ ಮಾಡುವುದುಂಟು. ನೋಡಲು ಬಂದ ಜನವೂ ಅದನ್ನು ಅನ್ಯಾಯವೆನ್ನುವುದಿಲ್ಲ. ಹಾಗಾದರೆ ಸಮಬಲವೆಂದರೆ ಏನು? ಸಮಾನವಾದ ಹೊಡೆತವೆ, ಸಮಾನವಾದ ಅವಕಾಶವೆ, ಅಥವಾ ಇವೆರಡರಿಂದಲೂ ಬೇರೆಯಾದುದೊಂದೆ? ಈ ಪ್ರಶ್ನೆಯನ್ನು ಆಟಗಳ ಇತಿಹಾಸದಲ್ಲಿ ವಿಚಾರಿಸಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

ಕಳೆದ ಐವತ್ತು ವರ್ಷಗಳಲ್ಲಿ ಈ ಪ್ರಶ್ನೆ ಅತ್ಯಂತ ತೀಕ್ಷ್ಣವಾಗಿ ಎದ್ದಿರುವುದು ಮೇಜಿನ ಸುತ್ತ ಕುಳಿತು ಆಡುವ ಪಾತ್ರಾಭಿನಯದ ಆಟಗಳಲ್ಲಿ. ಅಲ್ಲಿ ಪ್ರತಿಯೊಬ್ಬ ಆಟಗಾರನೂ ಒಂದು ಪಾತ್ರವನ್ನು ವಹಿಸಿಕೊಳ್ಳುತ್ತಾನೆ. ಆ ಪಾತ್ರವು ಯೋಧ, ಮಾಂತ್ರಿಕ, ಚೋರ ಮೊದಲಾದ ಯಾವುದಾದರೊಂದು ವರ್ಗಕ್ಕೆ ಸೇರಿರುತ್ತದೆ. ಶತ್ರುವಿಗೆ ಘಾತವನ್ನುಂಟುಮಾಡುವುದೇ ಮುಖ್ಯ ಕೆಲಸವಾಗಿರುವ ವರ್ಗಗಳನ್ನು ನಾವಿಲ್ಲಿ ಪ್ರಹಾರಕ ವರ್ಗಗಳೆಂದು ಕರೆಯುವೆವು. ಇಂಥ ವರ್ಗಗಳಲ್ಲಿ ಒಂದು ಮಿಗಿಲಾಗಿ ಉಳಿದವು ನಿಷ್ಪ್ರಯೋಜಕವಾಗದಂತೆ ನಿಯಮಗಳನ್ನು ರಚಿಸುವುದು ಹೇಗೆ ಎಂಬುದೇ ಸಮತೋಲದ ಪ್ರಶ್ನೆ. ಇದು ಹೊಸ ಪ್ರಶ್ನೆಯಲ್ಲ. ನಮ್ಮ ಸೀಮೆಯ ಕಾವ್ಯದಲ್ಲಿಯೂ ಶಾಸ್ತ್ರದಲ್ಲಿಯೂ ಇದರ ಪೂರ್ವರೂಪವಿದೆ.

ಮೊದಲು ಕಾವ್ಯವನ್ನು ನೋಡೋಣ. ಮುಧೋಳವು ಕವಿಚಕ್ರವರ್ತಿ ರನ್ನನ ಜನ್ಮಸ್ಥಳ. 949ರಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ ಈತನು ಕಲ್ಯಾಣ ಚಾಳುಕ್ಯರ ಆಶ್ರಯವನ್ನು ಪಡೆದು, ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನೊಡನೆ ಸಮೀಕರಿಸಿ ಸಾಹಸಭೀಮವಿಜಯವನ್ನು ರಚಿಸಿದನು. ಗದಾಯುದ್ಧವೆಂದೇ ಪ್ರಸಿದ್ಧವಾದ ಈ ಚಂಪುವಿನಲ್ಲಿ ಭಾರತದ ಕಥೆಯೆಲ್ಲವೂ ಭೀಮ ದುರ್ಯೋಧನರ ಒಂದು ದ್ವಂದ್ವದ ಸುತ್ತ ಸಿಂಹಾವಲೋಕನ ಕ್ರಮದಿಂದ ಹೆಣೆಯಲ್ಪಟ್ಟಿದೆ. ಆ ದ್ವಂದ್ವದ ವಿಶೇಷವೇನು? ವ್ಯಾಸಭಾರತದ ಶಲ್ಯಪರ್ವದಲ್ಲಿ ಕೃಷ್ಣನು ಇಬ್ಬರನ್ನೂ ತೂಗಿ ನೋಡುತ್ತಾನೆ. ಇಬ್ಬರಿಗೂ ದೊರೆತ ಶಿಕ್ಷಣ ಸಮಾನ. ಬಲದಲ್ಲಿ ಭೀಮನು ಹೆಚ್ಚು, ಅಭ್ಯಾಸದಲ್ಲಿ ದುರ್ಯೋಧನನು ಹೆಚ್ಚು. ಭೀಮನ ಉಕ್ಕಿನ ಪ್ರತಿಮೆಯ ಮೇಲೆ ಹದಿಮೂರು ವರ್ಷ ಗದೆಯನ್ನು ಬೀಸಿ ಪಳಗಿದವನು ಆತನು. ಧರ್ಮದಿಂದ ಹೋರಿದರೆ ಭೀಮನಿಗೆ ಗೆಲವಿಲ್ಲವೆಂಬುದು ಕೃಷ್ಣನ ನಿರ್ಣಯ. ಕೊನೆಗೆ ನಾಭಿಯಿಂದ ಕೆಳಗೆ ಹೊಡೆಯಬಾರದೆಂಬ ನಿಯಮವನ್ನು ಮುರಿದೇ ಭೀಮನು ತೊಡೆಗೆ ಹೊಡೆಯುತ್ತಾನೆ; ಬಲರಾಮನು ಕೆರಳಿ ನಿಲ್ಲುತ್ತಾನೆ.

ಆಟದ ದೃಷ್ಟಿಯಿಂದ ಇಲ್ಲಿ ಎರಡು ಸಂಗತಿಗಳು ಗಮನಾರ್ಹ. ಒಂದು, ಭಾರಿಯಾದ ಹೊಡೆತವೂ ತಪ್ಪದೆ ತಗಲುವ ಹೊಡೆತವೂ ಬೇರೆ ಬೇರೆ ಗುಣಗಳು. ಅವು ಒಂದನ್ನೊಂದು ಸರಿದೂಗಬಲ್ಲವು. ಎರಡು, ನಾಭಿಯ ಕೆಳಗೆ ಹೊಡೆಯಬಾರದೆಂಬ ಒಂದೇ ನಿಯಮವು ಇಬ್ಬರ ಬಲಾಬಲವನ್ನು ನಿರ್ಧರಿಸುತ್ತಿತ್ತು. ಅದು ಇರುವವರೆಗೆ ಅಭ್ಯಾಸಿಗೆ ಮೇಲುಗೈ. ಅದು ಹೋದೊಡನೆ ಬಲಶಾಲಿಗೆ ಗೆಲವು. ಆದುದರಿಂದ ಬಲವೆಂಬುದು ತೋಳಿನಲ್ಲಿ ಎಷ್ಟಿದೆಯೋ ನಿಯಮದಲ್ಲಿಯೂ ಅಷ್ಟೇ ಇದೆ ಎನ್ನಬೇಕಾಗುತ್ತದೆ.

ಇನ್ನು ಶಾಸ್ತ್ರ. ಅದೇ ಕಲ್ಯಾಣ ಚಾಳುಕ್ಯ ವಂಶದ ಮೂರನೆಯ ಸೋಮೇಶ್ವರನು 1126ರಿಂದ 1138ರವರೆಗೆ ಆಳಿದವನು. ಸುಮಾರು 1130ರಲ್ಲಿ ಸಿದ್ಧವಾದ ಆತನ ಮಾನಸೋಲ್ಲಾಸವು ಮಲ್ಲವಿನೋದವನ್ನು ವರ್ಣಿಸುವಾಗ ಜಟ್ಟಿಗಳನ್ನು ಜ್ಯೇಷ್ಠಿಕ, ಅಂತರ್ಜ್ಯೇಷ್ಠಿಕ, ಗೋವಲ ಎಂದು ದರ್ಜೆಗಳಾಗಿ ವಿಂಗಡಿಸುತ್ತದೆ. ಇಲ್ಲಿ ಸಮತೋಲಕ್ಕೆ ಹಿಡಿದ ದಾರಿ ಸರಳವಾದುದು: ಸಮಾನರನ್ನು ಸಮಾನರೊಡನೆ ಸೇರಿಸುವುದು. ಆದರೆ ಅದೇ ಗ್ರಂಥದ ಐದನೆಯ ವಿಂಶತಿಯಲ್ಲಿ ವರ್ಣಿತವಾದ ಚತುರಂಗ ಕ್ರೀಡೆಯ ದಾರಿ ಬೇರೆ. ಅಲ್ಲಿ ಎದುರಾಳಿಗಳ ಪಡೆಗಳು ಒಂದೇ ಬಗೆಯವು. ಆದರೆ ಪ್ರತಿ ಪಡೆಯೊಳಗಿನ ಅಂಗಗಳು ಅಸಮಾನವಾದವು. ಆನೆ, ಕುದುರೆ, ರಥ, ಕಾಲಾಳುಗಳಲ್ಲಿ ಒಂದರ ನಡೆ ಇನ್ನೊಂದಕ್ಕಿಲ್ಲ. ಪಾತ್ರವರ್ಗಗಳ ಕಲ್ಪನೆಗೆ ಮೂಲವನ್ನು ಹುಡುಕುವವರು ಈ ಎರಡನೆಯ ದಾರಿಯನ್ನೇ ಹಿಡಿಯಬೇಕು.

ಈ ಅಂಗಗಳಿಗೆ ಬೆಲೆ ಕಟ್ಟಿದ ದಾಖಲೆಯೂ ಹಳೆಯದೇ. ಸೋಮೇಶ್ವರನಿಗಿಂತ ಒಂದು ಶತಮಾನ ಮೊದಲು, ಸುಮಾರು 1030ರಲ್ಲಿ, ಅಲ್‌ಬೆರೂನಿಯು ಉತ್ತರ ಭಾರತದಲ್ಲಿ ತಾನು ತಿಳಿದ ಚತುರಂಗವನ್ನು ಕುರಿತು ಬರೆದಿದ್ದಾನೆ. ಆನೆಯು ಮುಂದಕ್ಕೆ ಒಂದು ಮನೆ, ನಾಲ್ಕು ಮೂಲೆಗಳಿಗೆ ಒಂದೊಂದು ಮನೆ ನಡೆಯುವುದೆಂದೂ, ಈ ಐದು ಮನೆಗಳನ್ನು ಅದರ ಸೊಂಡಿಲು ಮತ್ತು ನಾಲ್ಕು ಕಾಲುಗಳೆಂದು ಜನರು ಹೇಳುವರೆಂದೂ ಆತನು ತಿಳಿಸುತ್ತಾನೆ. ನಾಲ್ವರು ದಾಳ ಹಾಕಿ ಆಡುವ ಬಗೆಯಲ್ಲಿ ಹಿಡಿದ ಕಾಯಿಗಳಿಗೆ ಸಲ್ಲುವ ಬೆಲೆ ಹೀಗಿದೆ: ಅರಸನಿಗೆ 5, ಆನೆಗೆ 4, ಕುದುರೆಗೆ 3, ರಥದ ಸ್ಥಾನದ ಕಾಯಿಗೆ 2, ಕಾಲಾಳಿಗೆ 1. ಅಷ್ಟೇ ಅಲ್ಲದೆ, ದಾಳದಲ್ಲಿ ಬಿದ್ದ ಅಂಕಿಗೆ ಒಪ್ಪುವ ಕಾಯಿ ಮಾತ್ರ ಚಲಿಸಬಲ್ಲುದು. ಆನೆ ಎಷ್ಟೇ ಬಲಶಾಲಿಯಾಗಿರಲಿ, ಅದರ ಅಂಕಿ ಬೀಳುವವರೆಗೆ ನಿಂತಲ್ಲಿಯೇ ನಿಲ್ಲಬೇಕು. ಬಲಕ್ಕೆ ಬೆಲೆಯನ್ನೂ ಬಳಕೆಗೆ ತಡೆಯನ್ನೂ ಒಟ್ಟಿಗೆ ಇಟ್ಟ ವ್ಯವಸ್ಥೆ ಇದು.

ಮುಂದೆ ಕಾಯಿಗಳ ಬಲ ಬಹಳವಾಗಿ ಬದಲಾಯಿತು. ಮೂಲೆಯತ್ತ ಒಂದೇ ಮನೆ ನಡೆಯುತ್ತಿದ್ದ ಮಂತ್ರಿಯು ಹದಿನೈದನೆಯ ಶತಮಾನದ ಕೊನೆಯಲ್ಲಿ ಯುರೋಪಿನಲ್ಲಿ ಕಣದ ಪ್ರಬಲತಮ ಕಾಯಿಯಾದನು. ಇಂದು ನಮ್ಮಲ್ಲಿ ಆಡುವ ಚದುರಂಗದಲ್ಲಿ ಮೂಲೆಯಲ್ಲಿ ನಿಂತು ನೇರವಾಗಿ ಓಡುವ ಕಾಯಿಯೇ ಆನೆ. ಸಾಮಾನ್ಯ ಗಣನೆಯಲ್ಲಿ ಮಂತ್ರಿಗೆ 9, ಆನೆಗೆ 5, ಒಂಟೆಗೂ ಕುದುರೆಗೂ ಮೂರು ಮೂರು. ಇಷ್ಟು ವ್ಯತ್ಯಾಸಗಳ ನಡುವೆಯೂ ಕುದುರೆಯ ನಡೆ ಮಾತ್ರ ಬದಲಾಗಲಿಲ್ಲ. ಮಂತ್ರಿಯು ಆನೆಯ ಕೆಲಸವನ್ನೂ ಒಂಟೆಯ ಕೆಲಸವನ್ನೂ ಮಾಡಬಲ್ಲನು; ಕುದುರೆಯಂತೆ ಹಾರಲಾರನು. ಬಲದಲ್ಲಿ ಮೂರನೆಯ ಒಂದು ಭಾಗವಾದರೂ ಕುದುರೆಗೆ ಕಣದಲ್ಲಿ ಸ್ಥಾನ ಉಳಿದಿರುವುದಕ್ಕೆ, ಅದರ ಕೆಲಸವು ಬೇರೆ ಯಾರಿಂದಲೂ ಆಗದು ಎಂಬುದೇ ಕಾರಣವೆಂದು ನಮಗೆ ತೋರುತ್ತದೆ.

ಚದುರಂಗದಿಂದ ಇಂದಿನ ಪಾತ್ರಾಭಿನಯದ ಆಟಕ್ಕೆ ಬರುವ ದಾರಿ ಜರ್ಮನಿಯ ಮೂಲಕ ಹಾಯುತ್ತದೆ. 1780ರಲ್ಲಿ ಬ್ರೌನ್‌ಷ್ವೈಗಿನ ಗಣಿತಜ್ಞ ಹೆಲ್ವಿಗನು ಚದುರಂಗದ ತಳಹದಿಯ ಮೇಲೆಯೇ ಕಾಲಾಳು, ರಾವುತ, ಫಿರಂಗಿಗಳ ಯುದ್ಧದಾಟವೊಂದನ್ನು ಪ್ರಕಟಿಸಿದನು. 1824ರಲ್ಲಿ ಪ್ರಷ್ಯದ ಅಧಿಕಾರಿ ರೈಸ್‌ವಿಟ್ಸನು ತನ್ನ ಯುದ್ಧದಾಟದಲ್ಲಿ ಒಂದು ಮಹತ್ತ್ವದ ಮಾರ್ಪಾಟನ್ನು ತಂದನು. ಚದುರಂಗದಲ್ಲಿ ಹೊಡೆತ ಬಿದ್ದ ಕಾಯಿ ಕಣದಿಂದ ಹೊರಗೆ. ಇಲ್ಲಿ ದಾಳವನ್ನು ಹಾಕಿ ಪಡೆಗೆ ಎಷ್ಟು ನಷ್ಟವಾಯಿತೆಂದು ಎಣಿಸುವುದು. ಹೊಡೆತಕ್ಕೆ ಪ್ರಮಾಣವೆಂಬುದು ಹುಟ್ಟಿದ್ದು ಹೀಗೆ. ಪ್ರಮಾಣ ಹುಟ್ಟಿದ ಮೇಲೆ ಹೋಲಿಕೆಯೂ ಹೋಲಿಕೆಯೊಡನೆ ದೂರೂ ಹುಟ್ಟುವುದು ಸಹಜವೇ. ಈ ಪರಂಪರೆಯಲ್ಲಿಯೇ 1971ರಲ್ಲಿ ಅಮೆರಿಕದ ಗೈಗಾಕ್ಸ್ ಮತ್ತು ಪೆರೆನ್ ಎಂಬವರ ಚೈನ್‌ಮೇಲ್ ಎಂಬ ಯುದ್ಧದಾಟವೂ, 1974ರಲ್ಲಿ ಗೈಗಾಕ್ಸ್ ಮತ್ತು ಆರ್ನೆಸನ್ ಎಂಬವರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಪಾತ್ರಾಭಿನಯದ ಆಟವೂ ಪ್ರಕಟವಾದವು.

1974ರ ಆಟದಲ್ಲಿದ್ದುದು ಯೋಧ, ಮಾಂತ್ರಿಕ, ಪುರೋಹಿತರೆಂಬ ಮೂರೇ ವರ್ಗಗಳು. ಚೋರನು 1975ರ ಪುರವಣಿಯಲ್ಲಿ ಬಂದನು. ಯೋಧ ಮಾಂತ್ರಿಕರ ಸಮತೋಲವನ್ನು ಕಾಲದ ಮೇಲೆ ನಿಲ್ಲಿಸಲಾಗಿತ್ತು. ಮೊದಲ ಮೆಟ್ಟಿಲಿನ ಮಾಂತ್ರಿಕನಿಗೆ ದಿನಕ್ಕೆ ಒಂದೇ ಮಂತ್ರ. ಎರಡನೆಯ ಮೆಟ್ಟಿಲೇರಲು ಯೋಧನಿಗೆ 2000 ಅನುಭವಾಂಕಗಳು ಸಾಕಾದರೆ ಅವನಿಗೆ 2500 ಬೇಕು. ಆದರೆ ಐದನೆಯ ಮೆಟ್ಟಿಲಿನಲ್ಲಿ ಅವನಿಗೆ ಬೆಂಕಿಯುಂಡೆಯ ಮಂತ್ರ ದೊರೆಯುತ್ತದೆ. ಅದರ ಘಾತವು ಮೆಟ್ಟಿಲಿಗೊಂದರಂತೆ ಆರು ಮುಖದ ದಾಳಗಳು. ಒಂದು ದಾಳದ ಸರಾಸರಿ 3.5 ಆದುದರಿಂದ ಐದನೆಯ ಮೆಟ್ಟಿಲಿನಲ್ಲಿ 17.5, ಹತ್ತನೆಯದರಲ್ಲಿ 35. ಅದೂ ಸುತ್ತ ನಿಂತ ಎಲ್ಲ ಶತ್ರುಗಳಿಗೆ. 1975ರ ಪುರವಣಿಯಂತೆ ಎಂಟು ಮುಖದ ದಾಳದಿಂದ ಅಳೆಯುವ ಕತ್ತಿಯ ಪೆಟ್ಟಿನ ಸರಾಸರಿಯಾದರೋ 4.5ರಲ್ಲಿಯೇ ನಿಲ್ಲುತ್ತದೆ, ಮೆಟ್ಟಿಲೇರಿದಂತೆ ಅದು ತಗಲುವ ಸಂಭವ ಹೆಚ್ಚುವುದೇ ಹೊರತು ಪೆಟ್ಟು ಬೆಳೆಯುವುದಿಲ್ಲ. ಮೊದಲಲ್ಲಿ ಮಾಂತ್ರಿಕನು ಯೋಧನ ನೆರಳಿನಲ್ಲಿ ಬದುಕಬೇಕು, ಕೊನೆಯಲ್ಲಿ ಯೋಧನು ಮಾಂತ್ರಿಕನ ನೆರಳಿನಲ್ಲಿ. ಇಡೀ ಆಯುಷ್ಯದ ಲೆಕ್ಕದಲ್ಲಿ ಇದು ಸಮತೋಲವಿರಬಹುದು. ಒಂದು ಸಂಜೆ ಕುಳಿತು ಆಡುವವನಿಗೆ ಇದು ಸಮತೋಲವಲ್ಲ.

2008ರ ನಾಲ್ಕನೆಯ ಆವೃತ್ತಿಯು ಈ ಕೊರತೆಯನ್ನು ಗಣಿತದಿಂದ ನೀಗಲು ಹೊರಟಿತು. ಅದು ವರ್ಗಗಳನ್ನು ಕೆಲಸಕ್ಕನುಗುಣವಾಗಿ ರಕ್ಷಕ, ಪ್ರಹಾರಕ, ನಾಯಕ, ನಿಯಂತ್ರಕ ಎಂದು ನಾಲ್ಕಾಗಿ ವಿಂಗಡಿಸಿತು. ಮೊದಲ ಪುಸ್ತಕದ ಪ್ರಹಾರಕರು ಮೂವರು: ಚೋರ, ರೇಂಜರ್ ಎಂಬ ಅಡವಿಯ ಬೇಟೆಗಾರ, ವಾರ್ಲಾಕ್ ಎಂಬ ಶಾಪಮಾಂತ್ರಿಕ. ಪ್ರಾರಂಭದ ಮೆಟ್ಟಿಲುಗಳಲ್ಲಿ ಬೇಟೆಗಾರನಿಗೂ ಶಾಪಮಾಂತ್ರಿಕನಿಗೂ ತಾವು ಗುರುತಿಟ್ಟ ಶತ್ರುವಿನ ಮೇಲೆ ಸುತ್ತಿಗೊಮ್ಮೆ ಒಂದು ದಾಳದ ಹೆಚ್ಚುವರಿ ಘಾತ. ಚೋರನಿಗೆ ಎರಡು ದಾಳ. ಆದರೆ ಚೋರನಿಗೆ ಅದು ಸಲ್ಲುವುದು ಶತ್ರುವಿನ ಮೇಲೆ ಅನುಕೂಲ ದೊರೆತಾಗ ಮಾತ್ರ. ಉದಾಹರಣೆಗೆ, ಜೊತೆಗಾರನು ಎದುರು ಮಗ್ಗುಲಲ್ಲಿ ನಿಂತು ಶತ್ರುವನ್ನು ನಡುವೆ ಸಿಕ್ಕಿಸಿದಾಗ. ತಗಲಿದ ಹೊಡೆತಗಳಲ್ಲಿ ಅರ್ಧದಷ್ಟಕ್ಕೆ ಚೋರನಿಗೆ ಅನುಕೂಲವಿದ್ದರೆ 7ರ ಅರ್ಧ 3.5, ಲೆಕ್ಕ ಸರಿಹೋಯಿತು. ಅದಕ್ಕಿಂತ ಹೆಚ್ಚು ಬಾರಿ ದೊರಕಿಸಿಕೊಳ್ಳುವ ಜಾಣನಿಗೆ ಲಾಭ, ದೊರಕಿಸಿಕೊಳ್ಳಲಾರದವನಿಗೆ ನಷ್ಟ. ಬಲವನ್ನು ಅಭ್ಯಾಸದಿಂದ ತೂಗಿದ ಕೃಷ್ಣನ ತಕ್ಕಡಿಯನ್ನು ಇಲ್ಲಿ ಅಂಕಿಗಳಲ್ಲಿ ಕಾಣಬಹುದು.

ಆದರೂ ಈ ಆವೃತ್ತಿಯನ್ನು ಅನೇಕ ಆಟಗಾರರು ಮೆಚ್ಚಲಿಲ್ಲ. ಕತ್ತಿ ಹಿಡಿದವನಿಗೂ ಮಂತ್ರ ಜಪಿಸುವವನಿಗೂ ಒಂದೇ ಚೌಕಟ್ಟು: ಎಷ್ಟು ಸಲವಾದರೂ ಬಳಸಬಹುದಾದ ವಿದ್ಯೆಗಳು, ಕಾಳಗಕ್ಕೊಮ್ಮೆ ಬಳಸುವವು, ದಿನಕ್ಕೊಮ್ಮೆ ಬಳಸುವವು. ವರ್ಗಗಳು ಸರಿಸಮನಾದುವು, ಆದರೆ ಒಂದೇ ತೆರನಾದುವು ಎಂಬುದು ಅವರ ಆಕ್ಷೇಪ. 2014ರ ಐದನೆಯ ಆವೃತ್ತಿಯು ಆ ನಾಲ್ಕು ಹೆಸರುಗಳನ್ನು ಕೈಬಿಟ್ಟು ವರ್ಗಗಳ ಭೇದವನ್ನು ಮತ್ತೆ ಹೆಚ್ಚಿಸಿತು. ಅಸಮಾನತೆಯಿಂದ ಕೆಟ್ಟ ಆಟವನ್ನು ಸಮಾನತೆಯಿಂದ ತಿದ್ದಹೊರಟಲ್ಲಿ ಮತ್ತೊಂದು ಬಗೆಯ ಕೇಡು ತಲೆದೋರಿತೆನ್ನದೆ ವಿಧಿಯಿಲ್ಲ.

ಇಷ್ಟರಿಂದ ನಾವು ತಲುಪುವ ನಿರ್ಣಯವಿದು. ಪ್ರಹಾರಕ ವರ್ಗಗಳ ಸಮತೋಲವನ್ನು ಹೊಡೆತಗಳ ಸರಾಸರಿಯಿಂದ ಮಾತ್ರ ಅಳೆಯುವುದು ಸಾಲದು. ಮೂರು ಅಂಶಗಳನ್ನು ಕೂಡಿಸಿ ನೋಡಬೇಕು: ಹೊಡೆತದ ಪ್ರಮಾಣ, ಅದಕ್ಕೆ ತೆರಬೇಕಾದ ಬೆಲೆ, ಮತ್ತು ಆ ಪಾತ್ರದಿಂದಲ್ಲದೆ ಬೇರೆಯವರಿಂದ ಆಗದ ಕೆಲಸ. ಮೊದಲೆರಡನ್ನು ಗಣಿತವು ಸರಿಪಡಿಸಬಲ್ಲುದು. ಮೂರನೆಯದನ್ನು ನಿಯಮಕಾರನ ವಿವೇಕವೇ ಕಾಯಬೇಕು. ರಬಕವಿ-ಬನಹಟ್ಟಿಯ ಮಗ್ಗಗಳಲ್ಲಿ ಹಾಸಿನ ನೂಲು ಎಳೆತವನ್ನು ತಾಳಬೇಕು, ಹೊಕ್ಕಿನ ನೂಲು ಲಾಳಿಯೊಡನೆ ಓಡಬೇಕು. ಎರಡನ್ನೂ ಒಂದೇ ಗಟ್ಟಿತನದಿಂದ ಅಳೆಯುವ ನೇಕಾರನಿಲ್ಲ, ಒಂದನ್ನು ಬಿಟ್ಟು ನೇಯುವವನೂ ಇಲ್ಲ. ನಮ್ಮ ವಿದ್ಯಾರ್ಥಿಗಳು ಆಟದ ನಿಯಮಗಳನ್ನು ಬರಿಯ ಕಾಲಕ್ಷೇಪದ ಸಾಮಗ್ರಿಯೆಂದೆಣಿಸದೆ, ಒಂದು ಸಮಾಜವು ನ್ಯಾಯವನ್ನು ಹೇಗೆ ಭಾವಿಸಿತೆಂಬುದಕ್ಕೆ ಆಕರವೆಂದು ಓದಬೇಕು. ಬಲರಾಮನ ಕೋಪವು ದುರ್ಯೋಧನನು ಸೋತುದಕ್ಕಾಗಿ ಮಾತ್ರವಲ್ಲ, ನಿಯಮವು ಸೋತುದಕ್ಕಾಗಿ. ಮುಧೋಳದ ಕವಿ ಆರಿಸಿಕೊಂಡ ಆ ದ್ವಂದ್ವವನ್ನು ಈ ಕಣ್ಣಿನಿಂದಲೂ ಓದುವುದಕ್ಕೆ ಅವಕಾಶವಿದೆ.